ಯಾವ ಊರು ಅಂತ ಕೇಳುವವರು

ಕಳೆದ ಮೇ ತಿಂಗಳು. ದೋಹಾ ವಿಮಾನ ನಿಲ್ದಾಣದಲ್ಲಿ ಮಧ್ಯರಾತ್ರಿ. ಬೆಂಗಳೂರಿನಿಂದ ಬಂದು ಇಳಿದಿದ್ದೆ. ಹೆಲ್ಸಿಂಕಿಗೆ ಹೋಗುವ ವಿಮಾನ ಬೆಳಗ್ಗೆ. ಎಂಟು ಗಂಟೆ ಕಾಯಬೇಕು. ಅಲ್ಲೊಂದು ದೊಡ್ಡ ಹಳದಿ ಕರಡಿ ಬೊಂಬೆ ಇದೆ. ತಲೆಗೆ ದೀಪ ಸಿಕ್ಕಿಸಿಕೊಂಡು ಕೂತಿರುತ್ತದೆ, 7 ಮೀಟರ್ ಎತ್ತರ. ಆ ನಿಲ್ದಾಣದಲ್ಲಿ ಯಾರು ಯಾರನ್ನು ಹುಡುಕಬೇಕಾದರೂ "ಕರಡಿ ಹತ್ತಿರ ಬಾ" ಅಂತಲೇ ಹೇಳುವುದು. ಅದು ಕಾಣುವ ಹಾಗೆ ಒಂದು ಕುರ್ಚಿ ಹಿಡಿದು ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಎರಡೂವರೆ. ಅಮ್ಮ ಎದ್ದೇ ಇದ್ದಳು.

ಫೋನ್ ಇಟ್ಟ ಕೂಡಲೇ ಪಕ್ಕದಿಂದ ದನಿ ಬಂತು. "ಕನ್ನಡದವರಾ?"

ಅರವತ್ತೈದರ ಆಸುಪಾಸಿನ ಗಂಡ ಹೆಂಡತಿ. ನಾನು "ಹೌದು" ಅಂದೆ. ಅಂದು ಮತ್ತೆ ಫೋನ್ ನೋಡತೊಡಗಿದೆ. ಆ ಅಮ್ಮ ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ಪಾಪ, ಸುಸ್ತಾಗಿದೆ ಕಾಣ್ತದೆ. ಮಾತಾಡಿಸೋದು ಬೇಡ, ಬಿಡಿ."

ಆ "ಬಿಡಿ" ಅನ್ನುವ ಮಾತು ಚುಚ್ಚಿತು. ಎಂಟು ವರ್ಷದ ಹಿಂದೆ ನಾನು ಹೀಗಿರಲಿಲ್ಲ.

ನಾನಿರುವುದು ಫಿನ್‌ಲ್ಯಾಂಡಿನಲ್ಲಿ. ಅಲ್ಲಿ ಅಪರಿಚಿತರನ್ನು ಮಾತಾಡಿಸುವುದಿಲ್ಲ. ಬಸ್ ಸ್ಟಾಪಿನಲ್ಲಿ ದೂರ ದೂರ ನಿಲ್ಲುತ್ತಾರೆ. ಬಸ್ಸಿನಲ್ಲಿ ಖಾಲಿ ಜೋಡಿ ಸೀಟು ಇರುವಾಗ ಇನ್ನೊಬ್ಬರ ಪಕ್ಕ ಹೋಗಿ ಕೂತರೆ ಅವರಿಗೆ ಗಾಬರಿ. ಹಾಗಂತ ಒಬ್ಬರನ್ನೊಬ್ಬರು ನಂಬದ ಜನ ಅಲ್ಲ. ಚಳಿಯಲ್ಲೂ ಮಗುವನ್ನು ಬೆಚ್ಚಗೆ ಸುತ್ತಿ, ತಳ್ಳುಗಾಡಿಯಲ್ಲಿ ಮಲಗಿಸಿ, ಹೋಟೆಲಿನ ಹೊರಗೆ ಬಿಟ್ಟು ಒಳಗೆ ಕಾಫಿ ಕುಡಿಯುತ್ತಾರೆ. ಮೊದಲ ಸಲ ನೋಡಿದಾಗ ನಾನು ಹೌಹಾರಿ ಗಾಡಿಯ ಪಕ್ಕದಲ್ಲೇ ನಿಂತುಬಿಟ್ಟಿದ್ದೆ. ಅಲ್ಲಿ ಮಗುವನ್ನು ಬಿಟ್ಟು ಹೋಗಲು ದಾರಿಹೋಕರ ಹೆಸರು ಗೊತ್ತಿರಬೇಕಿಲ್ಲ, ಊರು ಗೊತ್ತಿರಬೇಕಿಲ್ಲ.

ನಮ್ಮಲ್ಲಿ ಹಾಗಲ್ಲ. ನಮ್ಮಲ್ಲಿ ಮೊದಲು ಕೇಳುತ್ತಾರೆ, ಆಮೇಲೆ ನಂಬುತ್ತಾರೆ. ಚಿಕ್ಕವನಿದ್ದಾಗ ಅಮ್ಮನ ಜೊತೆ ಹರಿಹರದಿಂದ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಬಸ್ಸು ಕಿಕ್ಕಿರಿದಿತ್ತು. ಸೀಟಿನಲ್ಲಿ ಕೂತಿದ್ದ ಯಾರೋ ಹೆಂಗಸು ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡರು. ನಿಂತಿದ್ದ ಅಮ್ಮನಿಗೂ ಅವರಿಗೂ ಪ್ರಶ್ನೆ ಉತ್ತರ ಶುರುವಾಯಿತು. ಯಾವ ಊರು, ತವರು ಎಲ್ಲಿ, ಯಜಮಾನರು ಏನು ಮಾಡ್ತಾರೆ. ಹೊನ್ನಾಳಿ ಬರುವುದರೊಳಗೆ ಅಮ್ಮ ಅವರನ್ನು "ಅಕ್ಕಾ" ಅನ್ನುತ್ತಿದ್ದಳು. ನಾನು ಅವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದೆ.

ಇದೆಲ್ಲ ನೆನಪಾಗಿ ಸುಮ್ನೆ ಕೂರಲು ಆಗಲಿಲ್ಲ. "ಅಮ್ಮಾ, ನಿಮ್ಮದು ಯಾವ ಊರು?" ಅಂತ ನಾನೇ ಕೇಳಿದೆ.

ಅವರ ಮುಖ ಅರಳಿತು. "ತೀರ್ಥಹಳ್ಳಿ ಹತ್ರ. ನಿಮ್ಮದು?"

"ಹರಿಹರ."

ಅಲ್ಲಿಯವರೆಗೆ ಸುಮ್ಮನಿದ್ದ ಯಜಮಾನರು ನೆಟ್ಟಗೆ ಕೂತರು. "ಹರಿಹರವಾ! ನಮ್ಮ ತುಂಗೆ ಕೂಡ್ಲಿಯಲ್ಲಿ ಭದ್ರೆ ಸೇರಿ ನಿಮ್ಮೂರಿಗೇ ಬರೋದಲ್ವಾ? ಅಂದ್ರೆ ನಮ್ಮ ನೀರು ಕುಡಿದೇ ಬೆಳೆದವರು ನೀವು."

ಆಮೇಲೆ ನಿಲ್ಲಲಿಲ್ಲ. ಬಾಸ್ಟನ್‌ನಲ್ಲಿರುವ ಮಗಳ ಬಾಣಂತನಕ್ಕೆ ಹೊರಟವರು ಅವರು. ಇಬ್ಬರಿಗೂ ಮೊದಲ ವಿಮಾನ ಪ್ರಯಾಣ. ಅಳಿಯ ದಾರಿಯನ್ನೆಲ್ಲ ಕನ್ನಡದಲ್ಲಿ ಬರೆದು ಕಳಿಸಿದ್ದ. ಆ ಹಾಳೆಯನ್ನು ಪಾಸ್‌ಪೋರ್ಟ್ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಎದೆಗವಚಿಕೊಂಡಿದ್ದರು. ಯಜಮಾನರಿಗೆ ತೋಟದ ಚಿಂತೆ. ಮಳೆ ಹಿಡಿಯುವುದರೊಳಗೆ ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಬೇಕು, ಇಲ್ಲದಿದ್ದರೆ ಕೊಳೆ ರೋಗ ಬರುತ್ತದೆ. ತಮ್ಮನಿಗೆ ಹೇಳಿ ಬಂದಿದ್ದರು, ಆದರೂ ಸಮಾಧಾನ ಇಲ್ಲ. ಕೈಯಲ್ಲಿದ್ದ ವಾಚು ಇನ್ನೂ ತೀರ್ಥಹಳ್ಳಿಯ ಸಮಯವನ್ನೇ ತೋರಿಸುತ್ತಿತ್ತು. "ತಿರುಗಿಸಿ ಕೊಡ್ಲಾ?" ಅಂದೆ. "ಬೇಡ, ಅಲ್ಲಿ ಎಷ್ಟು ಗಂಟೆ ಅಂತ ಗೊತ್ತಿರ್ಲಿ" ಅಂದರು.

ನಿಲ್ದಾಣದ ವೈಫೈಗೆ ಅವರ ಫೋನ್ ಸೇರಿಸಿ ಮಗಳಿಗೆ ಕಾಲ್ ಹಚ್ಚಿಕೊಟ್ಟೆ. ಮಾತು ಮುಗಿಸಿ ಅಮ್ಮ ಎದ್ದರು. "ಕೈಕಾಲು ತೊಳೆದು ಬರ್ತೇವೆ, ಇದನ್ನ ನೋಡ್ತಾ ಇರಿ" ಅಂತ ಕೈಚೀಲವನ್ನು ನನ್ನ ಪಕ್ಕಕ್ಕಿಟ್ಟರು. ಜೊತೆಗೆ ಆ ಪ್ಲಾಸ್ಟಿಕ್ ಚೀಲವನ್ನೂ. ಎರಡು ಪಾಸ್‌ಪೋರ್ಟು, ವೀಸಾ, ಡಾಲರು, ಎಲ್ಲ ನನ್ನ ತೊಡೆ ಮೇಲೆ. ಅಪರಿಚಿತರ ಸಾಮಾನು ಇಟ್ಟುಕೊಳ್ಳಬಾರದು ಅಂತ ಜಗತ್ತಿನ ಎಲ್ಲ ವಿಮಾನ ನಿಲ್ದಾಣಗಳೂ ಹೇಳುತ್ತವೆ. ಆದರೆ ಅವರ ಲೆಕ್ಕದಲ್ಲಿ ನಾನು ಅಪರಿಚಿತ ಆಗಿರಲೇ ಇಲ್ಲ. ಅವರ ನೀರು ಕುಡಿದವನು. ನನಗೆ ಗಂಟಲು ಕಟ್ಟಿತು. ಎಂಟು ವರ್ಷದಲ್ಲಿ ಫಿನ್‌ಲ್ಯಾಂಡಿನಲ್ಲಿ ಯಾರೂ ನನ್ನನ್ನು ಒಂದು ಗಂಟೆಯೊಳಗೆ ತಮ್ಮವನನ್ನಾಗಿ ಮಾಡಿಕೊಂಡಿಲ್ಲ.

ಅದಕ್ಕೇ ಹೇಳುತ್ತೇನೆ, ನಮ್ಮ ಕೇಳುವ ಗುಣವನ್ನು ಕಳೆದುಕೊಳ್ಳಬಾರದು. ವಿದೇಶಕ್ಕೆ ಬಂದ ನಮ್ಮ ಹುಡುಗರು ಕನ್ನಡ ಕಿವಿಗೆ ಬಿದ್ದರೂ ಹೆಡ್‌ಫೋನ್ ಏರಿಸಿಕೊಳ್ಳುವುದನ್ನು ಎಷ್ಟೋ ನಿಲ್ದಾಣಗಳಲ್ಲಿ ನೋಡಿದ್ದೇನೆ. ಹಳ್ಳಿಯವರ ಹಾಗೆ ಕಾಣುತ್ತೇವೆ ಅನ್ನುವ ಅಂಜಿಕೆ. ಕಾಣಲಿ, ಏನಾಯಿತು? ಮೊದಲ ಸಲ ಹೊರಟ ಹಿರಿಯರಿಗೆ ಗೇಟ್ ತೋರಿಸಲು ಬೋರ್ಡಿಗಿಂತ ನಮ್ಮ ಮಾತೇ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಊರಿಗೆ ಬಂದಾಗಲೂ ನಾನು ಇದನ್ನೇ ಹೇಳುತ್ತೇನೆ. ನನ್ನ ಹೆಂಡತಿ ಮಾತ್ರ ಒಪ್ಪುವುದಿಲ್ಲ. ಒಮ್ಮೆ ಒಬ್ಬಳೇ ಬರುವಾಗ ಅವಳಿಗೂ ಹೀಗೇ ಅರ್ಧ ದಿನ ಕಾಯುವ ಸರದಿ. ಪಕ್ಕಕ್ಕೆ ನಮ್ಮವರೇ ಒಬ್ಬರು ಸಿಕ್ಕರು. ಮದುವೆಯಾಗಿ ಎಷ್ಟು ವರ್ಷ, ಮಕ್ಕಳು ಯಾಕಿಲ್ಲ, ಡಾಕ್ಟರಿಗೆ ತೋರಿಸಿದಿರಾ. ಅವಳು ಎದ್ದು ಬೇರೆ ಕಡೆ ಹೋಗಿ ಕೂತಳಂತೆ. "ಫಿನ್‌ಲ್ಯಾಂಡಿನಲ್ಲಿ ಯಾರೂ ಕೇಳಲ್ಲ ಅನ್ನೋದೇ ನನಗೆ ಉಸಿರಾಡೋಕೆ ಜಾಗ ಕೊಟ್ಟಿದೆ" ಅಂತ ಅವಳು ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ.

ಇನ್ನೊಂದನ್ನೂ ಹೇಳಬೇಕು. ತುಂಗೆಯ ಮಾತು ಮುಗಿದ ಸ್ವಲ್ಪ ಹೊತ್ತಿಗೆ ಯಜಮಾನರು "ನಿಮ್ಮದು ಯಾವ ಜನ?" ಅಂತ ಕೇಳಿದ್ದರು. ನಾನು ಕೇಳಿಸದವನಂತೆ ಮಗಳ ವಿಷಯ ತೆಗೆದೆ. ಉತ್ತರ ಕೊಟ್ಟು, ಅದು ಅವರು ಎಣಿಸಿದ್ದಕ್ಕಿಂತ ಬೇರೆ ಇದ್ದಿದ್ದರೆ ಆ ಪ್ಲಾಸ್ಟಿಕ್ ಚೀಲ ನನ್ನ ತೊಡೆ ಮೇಲೆ ಬರುತ್ತಿತ್ತೋ ಇಲ್ಲವೋ. ಬರುತ್ತಿತ್ತು ಅಂತ ನಂಬಲು ನನಗೆ ಇಷ್ಟ. ಅವರು ಅಷ್ಟು ಒಳ್ಳೆಯವರು.

ಬೆಳಗಿನ ಜಾವ ಯಜಮಾನರಿಗೆ ಗೇಟ್ ಎಲ್ಲಿದೆ ಅಂತ ಮೊದಲೇ ನೋಡಿ ಬರುವ ಆತಂಕ. ಅಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ನನ್ನ ಬ್ಯಾಗನ್ನೂ ಅಲ್ಲೇ ಬಿಟ್ಟು ನಾವಿಬ್ಬರು ಹೋಗಿ ಬಂದೆವು. ಬಂದಾಗ ಎಲ್ಲ ಇಟ್ಟ ಹಾಗೇ ಇತ್ತು. ಅಮೆರಿಕದ ವಿಮಾನಕ್ಕೆ ಬೇಗ ಹೋಗಬೇಕು, ತಪಾಸಣೆ ಜಾಸ್ತಿ. ಇಬ್ಬರನ್ನೂ ಗೇಟಿನವರೆಗೆ ಬಿಟ್ಟೆ. ಅಮ್ಮ ಮಗಳಿಗೆ ಮಾಡಿದ ಅಂಟಿನುಂಡೆಯಲ್ಲಿ ಎರಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು. "ಹುಷಾರು ಮಗಾ" ಅಂದರು. ಅಷ್ಟು ಹೊತ್ತಿಗೆ "ನೀವು" ಹೋಗಿ "ಮಗಾ" ಆಗಿತ್ತು.

ನಮ್ಮ ಸಾಲಿನ ಕೊನೆಯಲ್ಲಿ ರಾತ್ರಿಯಿಡೀ ಒಬ್ಬರು ಫಿನ್ನಿಶ್ ಪುಸ್ತಕ ಓದುತ್ತ ಕೂತಿದ್ದರು. ಒಂದು ಮಾತೂ ಆಡಿರಲಿಲ್ಲ. ಹೆಲ್ಸಿಂಕಿಯ ಗೇಟಿನಲ್ಲಿ ಅವರೇ ಹತ್ತಿರ ಬಂದರು. ನಾವು ಇಲ್ಲದಾಗ ಸಿಬ್ಬಂದಿಯೊಬ್ಬ ಬಂದು ನನ್ನ ಬ್ಯಾಗ್ ಯಾರದು ಅಂತ ಕೇಳಿದನಂತೆ. ಮಲಗಿದ್ದ ಅಮ್ಮನನ್ನು ಎಬ್ಬಿಸಲು ಹೊರಟಿದ್ದನಂತೆ. "ಅವರು ಈಗ ಬರುತ್ತಾರೆ, ಅಲ್ಲಿಯವರೆಗೆ ನಾನು ಇಲ್ಲೇ ಇರುತ್ತೇನೆ" ಅಂತ ಇವರು ಹೇಳಿ ಕಳಿಸಿದ್ದರು. ನಾವು ಬರುವವರೆಗೆ ಜಾಗ ಬಿಟ್ಟು ಏಳಲಿಲ್ಲ. ನಾವು ಬಂದ ಮೇಲೂ ಏನೂ ಹೇಳಲಿಲ್ಲ.

ಥ್ಯಾಂಕ್ಸ್ ಹೇಳಿ ಒಂದು ಉಂಡೆ ಕೊಟ್ಟೆ. ಆಮೇಲೆ ತಡೆಯಲಾಗದೆ ಕೇಳಿಯೇಬಿಟ್ಟೆ, ನಿಮ್ಮದು ಯಾವ ಊರು ಅಂತ.

ಅವರು ಸ್ವಲ್ಪ ಹೊತ್ತು ಉಂಡೆಯನ್ನೇ ನೋಡಿದರು. "ಓಲು" ಅಂದರು. ನಾನು ಸುಮ್ಮನಿದ್ದೆ. ಸಾಲು ಮುಂದೆ ಸರಿಯಿತು. "ಅಲ್ಲೂ ನದಿ ಇದೆ" ಅಂತ ಅವರೇ ಸೇರಿಸಿದರು.