ಹಿರೇಮಠ ಮಾಸ್ತರರ ಶಿಕ್ಕಾ

ರಬ್ಬರಿನಲ್ಲಿ ಕೈಯಿಂದಲೇ ಶಿಕ್ಕಾ ಕೊರೆಯುವ ಹುಚ್ಚು ಹತ್ತಿದವರು ಮೊಟ್ಟಮೊದಲು ಮಾಡುವ ಕೆಲಸವೆಂದರೆ ಅಗತ್ಯಕ್ಕಿಂತ ಹೆಚ್ಚು ಹತಾರಗಳನ್ನು ಕೊಳ್ಳುವುದು. ಧಾರವಾಡದಲ್ಲಿ ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗೆ ಹೋಗಿ ‘ಲಿನೋ ಕಟರ್’ ಎಂದು ಕೇಳಿದರೆ, ಗುಂಡು ಹಿಡಿಕೆಯ ಐದಾರು ಉಳಿಗಳಿರುವ ರಟ್ಟಿನ ಡಬ್ಬಿಯನ್ನು ತಂದು ಮುಂದಿಡುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ನನ್ನ ಸೋದರಳಿಯ ಅಂಥದೊಂದು ಡಬ್ಬಿಯನ್ನು ತಂದು, ಅದರಲ್ಲಿರುವ ಪ್ರತಿಯೊಂದು ಉಳಿಗೂ ಏನಾದರೊಂದು ಕೆಲಸ ಇದ್ದೇ ಇರಬೇಕೆಂದು ಗಾಢವಾಗಿ ನಂಬಿದ.

ಹಾಗೇನೂ ಇಲ್ಲ. ಚಪ್ಪಟೆ ಬಾಯಿಯ ಉಳಿಯ ಪ್ರತಾಪ ಕಟ್ಟಿಗೆಯ ಮೇಲೆ ಏನೇ ಇರಲಿ, ಮೆತ್ತನೆಯ ರಬ್ಬರು ಅದರ ಮುಂದೆ ವಿನಯದಿಂದ ತಗ್ಗಿ, ಉಳಿ ದಾಟಿಹೋದ ಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ನಿಜವಾಗಿ ಬೇಕಾದವು ಎರಡು: ಅಕ್ಷರದ ಅಂಚು ಹಿಡಿದು ಗೆರೆ ಎಳೆಯಲು ‘ವಿ’ ಆಕಾರದ ಬಾಯಿಯದು, ಆಮೇಲೆ ಸುತ್ತಲಿನ ಬಯಲನ್ನು ತೆಗೆಯಲು ‘ಯು’ ಆಕಾರದ್ದು. ಈ ಸರದಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಓಣಿಯ ಹಿರೇಮಠ ಮಾಸ್ತರರ ಶಿಕ್ಕಾ ಸಾಕ್ಷಿಯಾಗಿದೆ. ಎರವಲು ಹೋದ ಪುಸ್ತಕಗಳು ತಿರುಗಿ ಬರುವುದಿಲ್ಲವೆಂಬ ಕೊರಗಿದ್ದ ಮಾಸ್ತರರು, ಪ್ರತಿ ಪುಸ್ತಕದ ಮೇಲೂ ಒತ್ತಲು ತಮ್ಮ ಅಡ್ಡಹೆಸರಿನ ಶಿಕ್ಕಾ ಬೇಕೆಂದಿದ್ದರು. ಅಳಿಯ ಬಟರ್ ಪೇಪರಿನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆದು, ಅದನ್ನು ರಬ್ಬರಿನ ಮೇಲೆ ಕವುಚಿ ಉಗುರಿನಿಂದ ಉಜ್ಜಿ, ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ಇಳಿಸಿಕೊಂಡಿದ್ದ. ಅಲ್ಲಿಯವರೆಗೆ ಎಲ್ಲವೂ ಸುಸೂತ್ರವಾಗಿತ್ತು. ಆಮೇಲೆ ಅಗಲವಾದ ‘ಯು’ ಉಳಿಯನ್ನೇ ಠಕಾರದ ಹೊಟ್ಟೆಯೊಳಗೆ ನೂಕಿದ್ದರಿಂದ ನಡುವಿನ ಚುಕ್ಕೆ ಸಿಪ್ಪೆಯ ಜೊತೆ ಹಾರಿಹೋಯಿತು. ಮಾಸ್ತರರು ನೇರಳೆ ಶಾಯಿಯಲ್ಲಿ ಒತ್ತಿ ನೋಡಿದಾಗ ಕಾಗದದ ಮೇಲೆ ‘ಹಿರೇಮರ’ ಎಂದು ಮೂಡಿತು.

“ಮಠ ಹೋಗಿ ಮರ ಆತಲ್ಲೋ ತಮ್ಮಾ! ಇನ್ನ ಪುಸ್ತಕಾ ಒಯ್ದವ್ರು, ಎಲಿ ಉದುರಿ ಹೋದ್ವು ಅಂತಾರ ನೋಡು” ಎಂದರು ಮಾಸ್ತರರು.

ಆ ಚುಕ್ಕೆಯನ್ನು ಉಳಿಸುವ ಹತಾರ ಯಾವ ಡಬ್ಬಿಯಲ್ಲಿಯೂ ಇರುವುದಿಲ್ಲ. ಅದು ಶಾಲೆಯ ಮಕ್ಕಳ ಕಂಪಾಸಿನಲ್ಲಿರುತ್ತದೆ. ಪೆನ್ ಪೆನ್ಸಿಲಿನ ಕಡ್ಡಿಯನ್ನು ಒಳಗೆ ಸರಿಸಿ, ಅದರ ತುದಿಯ ಲೋಹದ ಕೊಳವೆಯನ್ನು ರಬ್ಬರಿನ ಮೇಲೆ ನೆಟ್ಟಗೆ ಒತ್ತಿ ಒಂದು ಸುತ್ತು ತಿರುಗಿಸಿದರೆ, ಚುಕ್ಕೆಯ ಸುತ್ತ ದುಂಡಗಿನ ಗೆರೆ ಬೀಳುತ್ತದೆ. ಅನಂತರ ಆ ಗೆರೆಯ ಹೊರಗಿನದನ್ನಷ್ಟೇ ಬಿಡಿಸಿ ತೆಗೆಯಬೇಕು. ನಮ್ಮ ದುಂಡು ಲಿಪಿಗೆ ಇನ್ನೊಂದು ಎಚ್ಚರಿಕೆಯೂ ಬೇಕು: ಉಳಿ ಹಿಡಿದ ಕೈ ಸ್ಥಿರವಾಗಿದ್ದು, ಇನ್ನೊಂದು ಕೈ ರಬ್ಬರನ್ನು ತಿರುಗಿಸುತ್ತಿರಬೇಕು.

ರಬ್ಬರಿನಲ್ಲಿಯೂ ಜಾತಿಗಳುಂಟು. ಶಾಯಿ ಅಳಿಸುವ ಗರಗರ ರಬ್ಬರಿನಲ್ಲಿ ಉಜ್ಜುಪುಡಿ ಇರುವುದರಿಂದ ಅದು ಉಳಿಯ ಬಾಯನ್ನೇ ಮೊಂಡು ಮಾಡುತ್ತದೆ. ಬಿಳಿಯ ವಿನೈಲ್ ರಬ್ಬರು ಬೆಣ್ಣೆಯಂತೆ ಕೊಯ್ಯಿಸಿಕೊಳ್ಳುತ್ತದೆ. ಆದರೆ ಅದನ್ನು ಪ್ಲಾಸ್ಟಿಕ್ ಸ್ಕೇಲಿನ ಪಕ್ಕದಲ್ಲಿ ಬಹಳ ದಿನ ಬಿಟ್ಟರೆ, ಅದರೊಳಗಿನ ಮೆತುಕಾರಕ ಇಳಿದು ಎರಡೂ ಅಂಟಿಕೊಳ್ಳುತ್ತವೆ.

ಸೂಕ್ಷ್ಮ ಅಂಚುಗಳಿಗೆ ಔಷಧದ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಸರ್ಜಿಕಲ್ ಬ್ಲೇಡು ಮತ್ತು ಅದಕ್ಕೆ ಹೊಂದುವ 3ನೇ ನಂಬರಿನ ಹಿಡಿಕೆ ಉತ್ತಮ. ಕೇಳುವಾಗ ಮಾತ್ರ ಕಾರಣ ಸಿದ್ಧವಿರಲಿ. “ಪೇಶಂಟ್ ಯಾರ್ರೀ?” ಎಂದು ಅಂಗಡಿಯವರು ಕೇಳಿದಾಗ ನಾನು “ರಬ್ಬರು” ಎಂದದ್ದಕ್ಕೆ, ಅವರು ಬ್ಲೇಡಿನ ಜೊತೆಗೆ ಒಂದು ಬ್ಯಾಂಡೇಜ್ ಪಟ್ಟಿಯನ್ನೂ ಬಿಲ್ಲಿಗೆ ಸೇರಿಸಿದರು. ಈ ಬ್ಲೇಡನ್ನು ಅಕ್ಷರದ ಬುಡ ಅಗಲವಾಗಿ ಉಳಿಯುವಂತೆ ಹೊರಕ್ಕೆ ಇಳಿಜಾರಾಗಿ ಓಡಿಸಬೇಕು. ಬುಡವನ್ನೇ ಒಳಗೆ ಕೊರೆದರೆ, ಒತ್ತಿದಾಗ ಅಕ್ಷರ ಕಾಲು ಸೋತವರಂತೆ ಪಕ್ಕಕ್ಕೆ ವಾಲುತ್ತದೆ.

ನನ್ನ ಮೆಚ್ಚಿನ ಹತಾರವಾದರೋ ಛತ್ರಿಯ ಕಡ್ಡಿ. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಎಂಬಾತ ಛತ್ರಿಯನ್ನು ಹಗುರಾಗಿಸಲು ಉಕ್ಕಿನ ಕಡ್ಡಿಗೆ ಕಾಲುವೆಯ ರೂಪ ಕೊಟ್ಟ. ಹಳೆಯ ಉದ್ದ ಛತ್ರಿಯ ಅಂಥ ಕಡ್ಡಿಯ ತುಂಡೊಂದನ್ನು ಮರದ ಹಿಡಿಕೆಗೆ ತೂರಿಸಿ, ತುದಿಯನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಮಸೆದು, ಒಳಗಿನ ಗೀರನ್ನು ಮಡಿಚಿದ ಎಮರಿ ಕಾಗದದಿಂದ ಸವರಿದರೆ ಸಣ್ಣ ಬಾಯಿಯ ‘ಯು’ ಉಳಿ ಕೈಸೇರುತ್ತದೆ. ಶ್ರಾವಣದ ಜಡಿಮಳೆಯಲ್ಲಿ ಮನೆಯ ಛತ್ರಿಯೊಂದು ಒಂದೇ ಬದಿಗೆ ಜೋತುಬಿದ್ದದ್ದನ್ನು ಕಂಡು ಮನೆಯವರು ವಿಚಾರಣೆ ಆರಂಭಿಸಿದ ಬಳಿಕ, ಕಡ್ಡಿಗಾಗಿ ಮಾರುಕಟ್ಟೆಯ ಬಳಿ ಛತ್ರಿ ರಿಪೇರಿಗೆ ಕೂಡುವವರನ್ನೇ ಆಶ್ರಯಿಸಿದೆ. ಅವರು ಮುರುಕು ಕಡ್ಡಿಗಳ ಕಟ್ಟೊಂದನ್ನು ಪುಕ್ಕಟೆಯಾಗಿ ಕೊಟ್ಟು, “ನನ್ನ ಹೆಸರು, ಫೋನ್ ನಂಬರಿಂದು ಒಂದು ಶಿಕ್ಕಾ ಮಾಡಿಕೊಡ್ರಿ ಸರ, ರಿಪೇರಿ ಮಾಡಿದ ಛತ್ರಿಗೆಲ್ಲಾ ಹೊಡೀತೀನಿ” ಎಂದರು. ಪ್ಯಾಡಿನ ಶಾಯಿ ನೀರಿನದು, ಮಳೆ ಹತ್ತಿದೊಡನೆ ತೊಳೆದುಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅವರು ತುಸು ಯೋಚಿಸಿ, “ಹಂಗಾರ ಮಳಿಗಾಲ ಮುಗದ ಮ್ಯಾಲೆ ಹೊಡಿಯೂಣು ಬಿಡ್ರಿ” ಎಂದರು.