ಕಟ್ಟೋಕೆ ದುಡ್ಡಿದೆ, ನಡೆಸೋಕೆ ಇಲ್ಲ

ನನ್ನ ಗೆಳತಿಯೊಬ್ಬಳು ಮನೆಯಿಲ್ಲದವರ ಆಶ್ರಯ ಕೇಂದ್ರದಲ್ಲಿ ಕೇಸ್ ವರ್ಕರ್. ಬೀದಿಯಲ್ಲಿ ಮಲಗುವವರಿಗೆ ಕಾಗದಪತ್ರ ಮಾಡಿಸಿಕೊಡುವುದು, ಬಾಡಿಗೆಗೆ ಮನೆ ಹುಡುಕುವುದು, ಮನೆ ಸಿಕ್ಕ ಮೇಲೂ ಆಗಾಗ ಹೋಗಿ ವಿಚಾರಿಸುವುದು ಅವಳ ಕೆಲಸ. ಒಂದು ಬೆಳಿಗ್ಗೆ ಸುಮ್ನೆ ಅವಳನ್ನು ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಮೇಜಿನ ಎದುರು ವಯಸ್ಸಾದವರೊಬ್ಬರು ಕೂತಿದ್ದರು. ತೊಡೆ ಮೇಲೆ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ಮತ್ತೊಂದು. ಮಳೆಗೆ ನೆನೆಯದಿರಲಿ ಅಂತ ಮೂರನೇ ಚೀಲದಲ್ಲಿ ಕಾಗದಗಳನ್ನು ಇಟ್ಟಿದ್ದರು.

ಗೆಳತಿ ಹೊಸ ಫಾರ್ಮ್ ತೆಗೆದು, "ಇದಕ್ಕೆ ಮೊದಲು ಎಲ್ಲಿದ್ರಿ?" ಅಂತ ಶುರು ಮಾಡಿದಳು. ಅವರು ಚೀಲ ಮಡಚುತ್ತಲೇ ಹೇಳಿದರು: "ಇದನ್ನ ಮೂರನೇ ಸಲ ಹೇಳ್ತಾ ಇದೀನಮ್ಮ. ಮೊದಲು ಇದ್ರಲ್ಲ, ಅವರನ್ನೇ ಕೇಳಿ. ಅವರಿಗೆ ಎಲ್ಲಾ ಗೊತ್ತು."

ಮೊದಲಿದ್ದವರು ಈಗಿಲ್ಲ. ಅನುದಾನ ಮುಗಿಯಿತು, ಅದರ ಜೊತೆ ಅವರ ಕಾಂಟ್ರಾಕ್ಟೂ ಮುಗಿಯಿತು. ಅವರಿಗಿಂತ ಹಿಂದಿನವರದ್ದೂ ಇದೇ ಕಥೆ. ನನ್ನ ಗೆಳತಿಯ ಕಾಂಟ್ರಾಕ್ಟ್ ಮುಗಿಯೋಕೆ ಆವತ್ತಿಗೆ ಐದು ತಿಂಗಳು ಉಳಿದಿತ್ತು.

ಮನೆಯಿಲ್ಲದವರಿಗೆ ನಗರಸಭೆಗಳು ದುಡ್ಡೇ ಕೊಡಲ್ಲ ಅಂತ ನಾವೆಲ್ಲ ಬೈಯುತ್ತೇವೆ. ನಾನೂ ಬೈದವನೇ. ಈಗ ನನಗೆ ಅನ್ನಿಸುವುದು ಬೇರೆ. ಕೊಡುತ್ತಾರೆ, ಕೆಲವು ಕಡೆ ಕೈತುಂಬಾ ಕೊಡುತ್ತಾರೆ. ಆದರೆ ಒಂದೇ ಸಲ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಕಟ್ಟಡಕ್ಕೆ ಒಮ್ಮೆ ದುಡ್ಡು ಹಾಕಿದರೆ ಸಾಕು, ರಿಬ್ಬನ್ ಕತ್ತರಿಸುವ ಫೋಟೊ ಸಿಗುತ್ತದೆ. ಆ ಕಟ್ಟಡದಲ್ಲಿ ರಾತ್ರಿ ಪಾಳಿಯಲ್ಲಿ ಕೂರುವವರ ಸಂಬಳ, ಪೈಪು ಒಡೆದರೆ ರಿಪೇರಿ, ಬಾಡಿಗೆ ಕಟ್ಟಲಾಗದವರಿಗೆ ಸ್ವಲ್ಪ ನೆರವು, ಇವು ಪ್ರತಿ ವರ್ಷವೂ ಬೇಕು. ಇವಕ್ಕೆ ಯಾವ ಫೋಟೊನೂ ಇಲ್ಲ. ಆನೆ ಕೊಟ್ಟು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ.

ಲಾಸ್ ಏಂಜಲೀಸ್ ಕಥೆ ನೋಡಿ. 2016ರ ನವೆಂಬರ್‌ನಲ್ಲಿ ಅಲ್ಲಿನ ಜನ ಓಟು ಹಾಕಿ 120 ಕೋಟಿ ಡಾಲರ್ ಸಾಲ ಎತ್ತುವ ಬಾಂಡ್‌ಗೆ ಒಪ್ಪಿಗೆ ಕೊಟ್ಟರು. ಹತ್ತು ವರ್ಷದಲ್ಲಿ 10,000 ಮನೆ ಅನ್ನುವುದು ಗುರಿ. ಬಾಂಡ್ ದುಡ್ಡಿಗೆ ಒಂದು ಕಟ್ಟುಪಾಡಿರುತ್ತದೆ. ಅದನ್ನು ಕಟ್ಟೋಕೆ ಬಳಸಬಹುದು, ಸಂಬಳಕ್ಕೆ ಬಳಸುವಂತಿಲ್ಲ. ಹಾಗಾಗಿ ಮರು ವರ್ಷ ಮಾರ್ಚ್‌ನಲ್ಲಿ ಕೌಂಟಿಯ (ಆ ನಗರವೂ ಸೇರಿದ ಜಿಲ್ಲೆಯ) ಜನ ಮತ್ತೆ ಓಟು ಹಾಕಬೇಕಾಯಿತು. ಈ ಸಲ ಸೇವೆಗಳಿಗಾಗಿ ಕಾಲು ಪರ್ಸೆಂಟ್ ಮಾರಾಟ ತೆರಿಗೆ, ಅದೂ ಹತ್ತೇ ವರ್ಷಕ್ಕೆ. ಮನೆ ಒಂದು ಜೇಬಿನಿಂದ, ಮನೆಯಲ್ಲಿ ಇರುವವರನ್ನು ನೋಡಿಕೊಳ್ಳುವವರು ಇನ್ನೊಂದು ಜೇಬಿನಿಂದ. ಎರಡು ಜೇಬೂ ಒಂದೇ ಹೊತ್ತಿಗೆ ತುಂಬಿರಬೇಕು, ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ.

ಕಟ್ಟುವುದೂ ಸಲೀಸಾಗಲಿಲ್ಲ. ನಗರದ ಲೆಕ್ಕಪರಿಶೋಧಕರ 2022ರ ವರದಿಯ ಪ್ರಕಾರ ನಿರ್ಮಾಣದಲ್ಲಿದ್ದ ಮನೆಗಳ ಸರಾಸರಿ ಖರ್ಚು ತಲಾ ಸುಮಾರು 6 ಲಕ್ಷ ಡಾಲರ್‌ಗೆ ಹೋಗಿತ್ತು. ಜಾಗ, ಕೂಲಿ, ಸಾಮಾನು ಎಲ್ಲವೂ ದುಬಾರಿ, ನಿಜ. ಅದರ ಜೊತೆಗೆ ಒಂದೊಂದು ಕಟ್ಟಡಕ್ಕೂ ನಾಲ್ಕಾರು ಕಡೆಯಿಂದ ದುಡ್ಡು ಹೊಂದಿಸಬೇಕು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ವಕೀಲರು, ಬೇರೆ ಗಡುವು. ಮೊದಲನೆಯ ಕಡೆಯಿಂದ ಮಂಜೂರಾಗಿ ಕೊನೆಯ ಕಡೆಯವರು ಸಹಿ ಹಾಕುವಷ್ಟರಲ್ಲಿ ಸಿಮೆಂಟ್ ರೇಟು ಏರಿರುತ್ತದೆ. 2024ರ ನವೆಂಬರ್‌ನಲ್ಲಿ ಕೌಂಟಿಯವರು ಹಳೆ ತೆರಿಗೆ ತೆಗೆದು ಅರ್ಧ ಪರ್ಸೆಂಟಿನ ಹೊಸದನ್ನು ತಂದರು. ಇದಕ್ಕೆ ಕೊನೆಯ ದಿನಾಂಕ ಇಲ್ಲ. ಮೂರು ಓಟುಗಳಲ್ಲಿ ನನಗೆ ಜಾಣತನ ಕಂಡಿದ್ದು ಈ ಮೂರನೆಯದರಲ್ಲೇ.

ಕೊನೆಯ ದಿನಾಂಕ ಇದ್ದರೆ ಏನಾಗುತ್ತದೆ ಅನ್ನೋಕೆ ಕೋವಿಡ್ ಕಾಲದ ದುಡ್ಡೇ ಸಾಕ್ಷಿ. 2021ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಮತ್ತು ಸ್ಥಳೀಯ ಆಡಳಿತಗಳಿಗೆ 35,000 ಕೋಟಿ ಡಾಲರ್ ಹಂಚಿತು. 2024ರ ಕೊನೆಯೊಳಗೆ ಯಾವುದಕ್ಕೆ ಅಂತ ಗೊತ್ತು ಮಾಡಬೇಕು, 2026ರ ಕೊನೆಯೊಳಗೆ ಖರ್ಚು ಮಾಡಬೇಕು. ಎಷ್ಟೋ ನಗರಗಳು ಈ ದುಡ್ಡಿನಲ್ಲಿ ಆಶ್ರಯ ಕೇಂದ್ರ ತೆರೆದವು, ಜನರನ್ನು ನೇಮಿಸಿಕೊಂಡವು. ದುಡ್ಡು ಮುಗಿದ ಮೇಲೆ ಆ ಹಾಸಿಗೆಗಳ ಗತಿ ಏನು ಅಂತ ಯೋಚಿಸಿದವರು ಕಡಿಮೆ. ಅದೇ ವರ್ಷ 500 ಕೋಟಿ ಡಾಲರ್ ಇಟ್ಟು ಬಾಡಿಗೆಯಲ್ಲಿ ಒಂದು ಪಾಲನ್ನು ಸರ್ಕಾರವೇ ಕಟ್ಟುವ ಸುಮಾರು 70,000 ತುರ್ತು ವೋಚರ್‌ಗಳನ್ನೂ ಕೊಟ್ಟರು. ಆಮೇಲೆ ಬಾಡಿಗೆ ಏರಿತು, ಅಂದುಕೊಂಡದ್ದಕ್ಕಿಂತ ಬೇಗ ಗಂಟು ಕರಗಿತು. 2025ರಲ್ಲಿ ಸರ್ಕಾರ ಇದೇ ಕೊನೆಯ ಕಂತು ಅಂದುಬಿಟ್ಟಿತು. ಬೀದಿಯಿಂದ ಬಂದು, ಬಾಗಿಲಿಗೆ ಹೆಸರು ಹಾಕಿಸಿಕೊಂಡು, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದವರಿಗೆ ಈ ಮಾತು ಹೇಗೆ ಕೇಳಿಸಿರಬೇಕು?

ಇನ್ನು ಫಿನ್‌ಲ್ಯಾಂಡ್. ಈ ವಿಷಯ ಬಂದಾಗಲೆಲ್ಲ ಯಾರಾದರೂ ಆ ಹೆಸರು ಎತ್ತುತ್ತಾರೆ, ನಾನೂ ಎತ್ತುತ್ತೇನೆ, ಸಹಿಸಿಕೊಳ್ಳಿ. ಕುಡಿತ ಬಿಡು, ಚಿಕಿತ್ಸೆ ತಗೋ, ಆಮೇಲೆ ಮನೆ ಅನ್ನುವ ಕ್ರಮವನ್ನು ಅವರು 2008ರಲ್ಲಿ ತಿರುಗಿಸಿದರು. ಮೊದಲು ಮನೆ, ಅದೂ ಅವರವರ ಹೆಸರಲ್ಲೇ ಬಾಡಿಗೆ ಕರಾರು. ಮಿಕ್ಕಿದ್ದು ಆಮೇಲೆ. (ಇದನ್ನು 1992ರಲ್ಲೇ ನ್ಯೂಯಾರ್ಕ್‌ನಲ್ಲಿ ಮಾಡಿ ತೋರಿಸಿದವರು ಸ್ಯಾಮ್ ಸೆಂಬೆರಿಸ್ ಅನ್ನುವ ಮನಶ್ಶಾಸ್ತ್ರಜ್ಞ.) ಹೆಲ್ಸಿಂಕಿಯಲ್ಲಿ 1985ರಲ್ಲಿ ಆಶ್ರಯ ಕೇಂದ್ರಗಳ ಹಾಸಿಗೆಗಳು 2,000ಕ್ಕೂ ಜಾಸ್ತಿ ಇದ್ದವು. 2016ರ ಹೊತ್ತಿಗೆ ಸುಮಾರು 50ಕ್ಕೆ ಇಳಿದವು. ಸಾಲ್ವೇಶನ್ ಆರ್ಮಿ ಅನ್ನುವ ಕ್ರೈಸ್ತ ಸೇವಾ ಸಂಸ್ಥೆಯ ಒಂದು ಕೇಂದ್ರದಲ್ಲಿ ಸುಮಾರು 250 ಹಾಸಿಗೆ ಇದ್ದ ಜಾಗವನ್ನು ಒಡೆದು ಎಂಬತ್ತರಷ್ಟು ಪುಟ್ಟ ಮನೆಗಳನ್ನು ಮಾಡಿದರು. ಕಾಗದದ ಮೇಲೆ ನೋಡಿದರೆ ನಷ್ಟ, ಅಲ್ವಾ? ಅಷ್ಟೇ ಜಾಗ, ಮೂರನೇ ಒಂದು ಭಾಗ ಜನ. ಆದರೆ ಹಾಸಿಗೆಯಲ್ಲಿ ಮಲಗಿದವನು ಬೆಳಿಗ್ಗೆ ಎದ್ದು ಮತ್ತೆ ಬೀದಿಗೆ. ಮನೆ ಸಿಕ್ಕಿದವನು ಬೆಳಿಗ್ಗೆ ಎದ್ದರೆ ತನ್ನ ಮನೆಯಲ್ಲೇ ಇರುತ್ತಾನೆ.

ಇದನ್ನು ಅಲ್ಲಿಗೇ ನಿಲ್ಲಿಸಿದರೆ ಚೆಂದ ಕಾಣುತ್ತಿತ್ತು. ಆದರೆ 2024ರಲ್ಲಿ ಅಲ್ಲೂ ಮನೆಯಿಲ್ಲದವರ ಸಂಖ್ಯೆ ಏರಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಬಂದಿದ್ದ ಸಂಖ್ಯೆ ಅದು. ಅದೇ ವರ್ಷ ಸರ್ಕಾರ ಬಾಡಿಗೆ ನೆರವನ್ನು ಕಡಿತ ಮಾಡಿತ್ತು. ಮನೆಗಳು ಎಲ್ಲಿಗೂ ಹೋಗಿರಲಿಲ್ಲ. ತಿಂಗಳು ತಿಂಗಳು ಬರಬೇಕಾದ ದುಡ್ಡು ಕಡಿಮೆಯಾಗಿತ್ತು.

ಇಂಗ್ಲೆಂಡಿನದು ಇನ್ನೊಂದು ಥರದ ಪಾಡು. ಮನೆ ಕಳೆದುಕೊಂಡವರಿಗೆ ನೆರವಾಗುವುದು ಅಲ್ಲಿನ ಸ್ಥಳೀಯ ಆಡಳಿತಗಳಾದ ಕೌನ್ಸಿಲ್‌ಗಳಿಗೆ 1977ರ ಕಾಯಿದೆಯಿಂದಲೇ ಬಂದ ಕರ್ತವ್ಯ. ಮಕ್ಕಳಿರುವ ಕುಟುಂಬ ಬಂದರೆ ಆಗಲ್ಲ ಅನ್ನುವ ಹಾಗಿಲ್ಲ. ಆದರೆ ಕೊಡೋಕೆ ಕೌನ್ಸಿಲ್‌ಗಳ ಸ್ವಂತ ಮನೆಗಳು ಸಾಲವು, 1980ರ ಕಾಯಿದೆ ಬಂದ ಮೇಲೆ ಬಾಡಿಗೆಗಿದ್ದವರಿಗೇ ಎಷ್ಟೋ ಮನೆಗಳನ್ನು ಮಾರಿ ಆಗಿದೆ. ಹಾಗಾಗಿ ಹೋಟೆಲ್ ರೂಮು, ಖಾಸಗಿ ಮಾಲೀಕರ ತಾತ್ಕಾಲಿಕ ಮನೆ. 2023-24ರ ಒಂದೇ ವರ್ಷದಲ್ಲಿ ಈ ತಾತ್ಕಾಲಿಕ ವಸತಿಗೆ ಸುಮಾರು 230 ಕೋಟಿ ಪೌಂಡ್ ಹೋಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ವರ್ಷದ ಕೊನೆಗೆ ಕೌನ್ಸಿಲ್ ಕೈಯಲ್ಲಿ ಒಂದು ಇಟ್ಟಿಗೆಯೂ ಉಳಿಯುವುದಿಲ್ಲ. ತಾತ್ಕಾಲಿಕ ಅನ್ನುವ ಪದದಷ್ಟು ದುಬಾರಿ ಪದ ಬಜೆಟ್‌ನಲ್ಲಿ ಇನ್ನೊಂದಿಲ್ಲ ಅನ್ನಿಸುತ್ತದೆ.

ಮನೆಯಿಲ್ಲದವರ ಪರ ಮಾತಾಡುವ ನಮ್ಮಂಥವರ ಒಂದು ವಾದದ ಬಗ್ಗೆ ನನಗೆ ತಕರಾರಿದೆ. "ಮನೆ ಕೊಟ್ಟರೆ ಆಸ್ಪತ್ರೆ, ಪೊಲೀಸ್, ಜೈಲಿನ ಖರ್ಚು ಉಳಿಯುತ್ತೆ, ಕೊನೆಗೆ ಲಾಭವೇ" ಅಂತ ಹೇಳುತ್ತೇವಲ್ಲ, ಅದು. ಕೆನಡಾದಲ್ಲಿ 2009ರಿಂದ ಐದು ನಗರಗಳಲ್ಲಿ 2,000ಕ್ಕೂ ಹೆಚ್ಚು ಜನರ ಮೇಲೆ ಈ 'ಮೊದಲು ಮನೆ' ಕ್ರಮದ ದೊಡ್ಡ ಪ್ರಯೋಗ ನಡೆಯಿತು. ಆಸ್ಪತ್ರೆಗೆ, ಜೈಲಿಗೆ ಅತಿ ಹೆಚ್ಚು ಸಲ ಹೋಗುತ್ತಿದ್ದ ಹತ್ತು ಪರ್ಸೆಂಟ್ ಜನರಲ್ಲಿ ಹಾಕಿದ ದುಡ್ಡಿಗಿಂತ ಉಳಿತಾಯ ಜಾಸ್ತಿ ಆಯಿತು. ಮಿಕ್ಕವರಲ್ಲಿ ಸ್ವಲ್ಪ ಉಳಿಯಿತು, ಪೂರ್ತಿ ವಾಪಸ್ ಬರಲಿಲ್ಲ. ಆದರೆ ಅವರು ಮನೆಯಲ್ಲಿ ಉಳಿದುಕೊಂಡರು. ಲಾಭದ ಆಸೆ ತೋರಿಸಿ ಕೌನ್ಸಿಲರ್‌ಗಳನ್ನು ಒಪ್ಪಿಸಿದರೆ, ಲಾಭ ಕಾಣದ ವರ್ಷ ಅವರು ಕೈ ಎತ್ತುತ್ತಾರೆ. ಬೀದಿ ದೀಪದ ಕರೆಂಟ್ ಬಿಲ್ಲಿಗೆ ಯಾರೂ ಲಾಭ ಕೇಳುವುದಿಲ್ಲ. ಪ್ರತಿ ವರ್ಷ ಹೊಸ ಅರ್ಜಿ ಹಾಕಿ ಅಂತಲೂ ಹೇಳುವುದಿಲ್ಲ.

ಹಾಗಂತ ಲೆಕ್ಕ ಕೇಳಬಾರದು ಅಂತಲ್ಲ. ಕ್ಯಾಲಿಫೋರ್ನಿಯಾ ರಾಜ್ಯ ಐದು ವರ್ಷದಲ್ಲಿ ಸುಮಾರು 2,400 ಕೋಟಿ ಡಾಲರ್ ಖರ್ಚು ಮಾಡಿ, ಅದರಿಂದ ಏನಾಯಿತು ಅಂತ ಸರಿಯಾಗಿ ಗಮನಿಸಿಯೇ ಇಲ್ಲ ಅಂತ ಅಲ್ಲಿನ ಲೆಕ್ಕಪರಿಶೋಧಕರೇ 2024ರಲ್ಲಿ ಹೇಳಿದರು. ತೆರಿಗೆ ಕಟ್ಟುವವರಿಗೆ ಸಿಟ್ಟು ಬರುವುದು ಸಹಜ. ಆದರೆ ಎಷ್ಟು ಹಾಸಿಗೆ ತುಂಬಿತ್ತು ಅಂತ ಕೇಳುವ ಬದಲು, ಮನೆ ಸಿಕ್ಕವರಲ್ಲಿ ಒಂದು ವರ್ಷದ ನಂತರವೂ ಅದೇ ಮನೆಯಲ್ಲಿ ಇರುವವರು ಎಷ್ಟು ಜನ ಅಂತ ಕೇಳಿ. ಆ ಲೆಕ್ಕ ಕೊಡೋಕಾದರೂ ಒಬ್ಬ ನೌಕರ ಒಂದು ವರ್ಷಕ್ಕಿಂತ ಜಾಸ್ತಿ ಅದೇ ಕುರ್ಚಿಯಲ್ಲಿ ಇರಬೇಕು.

ಆಸ್ಟ್ರಿಯಾದ ವಿಯೆನ್ನಾಗೆ ಹೋದವರು ನಗರಾಡಳಿತವೇ ಬಾಡಿಗೆಗೆ ಕೊಡೋಕೆ ಕಟ್ಟಿಸಿದ ಕಾರ್ಲ್ ಮಾರ್ಕ್ಸ್ ಹೋಫ್ ಮುಂದೆ ನಿಂತು ಫೋಟೊ ಹಾಕುತ್ತಾರೆ. ಒಂದು ಕಿಲೋಮೀಟರಿಗೂ ಉದ್ದದ, ಕಮಾನುಗಳಿರುವ ಕಟ್ಟಡ, 1930ರದ್ದು. ಅದನ್ನು ಕಟ್ಟಿಸಿದ ತೆರಿಗೆಯ ಫೋಟೊ ಯಾರೂ ಹಾಕುವುದಿಲ್ಲ. 1923ರಲ್ಲಿ ಆ ನಗರ ವಸತಿಗೆಂದೇ ಬೇರೆ ತೆರಿಗೆ ಹಾಕಿತು, ದೊಡ್ಡ ಮನೆಯವರಿಗೆ ಜಾಸ್ತಿ, ಸಣ್ಣ ಮನೆಯವರಿಗೆ ಕಡಿಮೆ. 1934ರ ಹೊತ್ತಿಗೆ 60,000ಕ್ಕೂ ಹೆಚ್ಚು ಮನೆ ಎದ್ದಿದ್ದವು. ಈಗಲೂ ನಗರದ ಕೈಯಲ್ಲಿ ಸುಮಾರು 2 ಲಕ್ಷ 20 ಸಾವಿರ ಮನೆಗಳಿವೆ. ಅಮೆರಿಕದ ಸಿಯಾಟಲ್ ಜನ 2023ರಲ್ಲಿ ಏಳು ವರ್ಷಕ್ಕೆ 97 ಕೋಟಿ ಡಾಲರ್ ಆಸ್ತಿ ತೆರಿಗೆಗೆ ಒಪ್ಪಿದಾಗ ಅದರಲ್ಲಿ ಒಂದು ಪಾಲನ್ನು ಕಟ್ಟಡ ನಡೆಸೋಕೆ, ಅಲ್ಲಿನ ಸಿಬ್ಬಂದಿ ಕೆಲಸ ಬಿಡದಂತೆ ಸಂಬಳಕ್ಕೆ ಇಟ್ಟರು. ಏಳು ವರ್ಷ ಅನ್ನುವುದು ಶಾಶ್ವತ ಅಲ್ಲ. ಆದರೂ ಐದು ತಿಂಗಳಿಗಿಂತ ವಾಸಿ.

ನಿಮ್ಮ ನಗರಸಭೆಯ ಬಜೆಟ್ ಬಂದಾಗ ಒಂದು ಕೆಲಸ ಮಾಡಿ. ದೊಡ್ಡ ಮೊತ್ತ ನೋಡಿ ಖುಷಿಪಡುವ ಮೊದಲು ಆ ಸಾಲಿನ ಪಕ್ಕದಲ್ಲಿ "ಒಂದು ಬಾರಿಗೆ ಮಾತ್ರ" ಅಂತ ಇದೆಯಾ ನೋಡಿ. ಇದ್ದರೆ, ಮುಂದಿನ ವರ್ಷ ಯಾರು ಕೊಡುತ್ತಾರೆ ಅಂತ ಕೌನ್ಸಿಲರ್‌ಗೆ ಕೇಳಿ. ಉತ್ತರ ಬರುವವರೆಗೂ ಕೇಳಿ.

ನನ್ನ ಗೆಳತಿ ಈಗ ಒಂದು ನೋಟ್‌ಬುಕ್ ಇಟ್ಟಿದ್ದಾಳೆ, ಮುಂದೆ ತನ್ನ ಜಾಗಕ್ಕೆ ಬರುವವರಿಗಾಗಿ. ಮೊದಲ ಪುಟ ಆ ಮೂರು ಚೀಲದ ಅಜ್ಜನದು. "ಇವರಿಗೆ ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂತು ಮಾತಾಡಿ. ಇವರ ಕಥೆ ಪುಟ 2ರಿಂದ 6ರವರೆಗೆ ಇದೆ. ಮತ್ತೆ ಕೇಳಬೇಡಿ."