ಹೆಂಪ್ ಅಂಗಿಯ ವಿಚಾರಣೆ

ಮಂಗಳೂರಿನ ಒಂದು ಅಂಗಡಿಯಲ್ಲಿ, ಗೋಣಿತಟ್ಟಿಗೆ ಹಿಡಿಕೆ ಹೊಲಿದು ಮಾಡಿದ ಚೀಲಕ್ಕೆ ‘ಹೆಂಪ್’ ಎಂಬ ಚೀಟಿ ಅಂಟಿಸಿ ದುಬಾರಿ ಬೆಲೆ ಹಾಕಿದ್ದನ್ನು ಕಂಡಾಗಿನಿಂದ ನನ್ನ ತಲೆ ಬಿಸಿಯಾಗಿದೆ. ಅದು ಬಂಗಾಳದ ಸೆಣಬು, ಅಪ್ಪಟ ಜೂಟ್. ನಾರು ಕೊಡುವ ಗಿಡಗಳಿಗೆಲ್ಲ ಹೆಂಪ್ ಎಂದುಬಿಡುವ ಚಾಳಿ ಹಳೆಯದೇ: ಮನಿಲಾ ಹೆಂಪ್ ಬಾಳೆಯ ಕುಲದ್ದು, ಸಿಸಾಲ್ ಹೆಂಪ್ ಕತ್ತಾಳೆಯ ಕುಲದ್ದು, ನಮ್ಮವರು ಹಸಿರೆಲೆ ಗೊಬ್ಬರಕ್ಕೆಂದು ಬಿತ್ತುವ ಅಪ್ಸೆಣಬು ಅವರೆ, ತೊಗರಿಗಳ ಬಂಧು. ನಿಜವಾದ ಹೆಂಪ್ ಎಂದರೆ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಸಿದ ಭಂಗಿ ಗಿಡ. ಹಾಯಿಹಡಗುಗಳ ಕಾಲದ ಯುರೋಪು ಪಟಕ್ಕೂ ಹಗ್ಗಕ್ಕೂ ಇದರ ನಾರನ್ನೇ ನಂಬಿತ್ತು. ಕ್ಯಾನ್ವಾಸ್ ಎಂಬ ಹೆಸರು ಹುಟ್ಟಿದ್ದೂ ಕ್ಯಾನಬಿಸ್‌ನಿಂದಲೇ. ಇಷ್ಟು ದುಡಿದ ಗಿಡದ ಮಾನ ಹೋದದ್ದು ಹೇಗೆಂದು ಸಾವಕಾಶವಾಗಿ ವಿವರಿಸಬೇಕೆಂದಿದ್ದೆ. ಅಷ್ಟರಲ್ಲಿ ದೊಡ್ಡಪ್ಪನ ನೆನಪಾಯಿತು.

ಉಡುಪಿಯಲ್ಲಿ ನೆಂಟರ ಮನೆಯ ಉಪನಯನಕ್ಕೆ, ತಂಗಿಯ ಮಗ ಕೊಡಿಸಿದ ಹೆಂಪ್ ಅಂಗಿ ತೊಟ್ಟು ಹೋಗಿದ್ದೆ. ದೊಡ್ಡಪ್ಪ ನಿವೃತ್ತ ಬ್ಯಾಂಕ್ ಮ್ಯಾನೇಜರು. ಸಾಲದ ಅರ್ಜಿ ನೋಡುವಂತೆ ಕನ್ನಡಕ ಏರಿಸಿ, ನನ್ನ ತೋಳನ್ನು ಬೆರಳುಗಳ ನಡುವೆ ಉಜ್ಜಿ ನೋಡಿದರು.

“ಇದೆಂತ ಮಾರಾಯ, ಗೋಣಿ ಹಾಕಿ ಬಂದದ್ದಾ?”

“ಅಲ್ಲ ದೊಡ್ಡಪ್ಪ, ಹೆಂಪ್. ಭಂಗಿ ಗಿಡದ ನಾರು.”

“ಗಾಂಜಾದ ಅಂಗಿಯಾ?”

ಅವರಿಗೆ ಕಿವಿ ಮಂದವಾದ್ದರಿಂದ ಈ ಪ್ರಶ್ನೆ ಇಡೀ ಚಪ್ಪರಕ್ಕೆ ಕೇಳಿಸಿತು. ಪಾನಕ ಹಂಚುತ್ತಿದ್ದ ಹುಡುಗ ನನ್ನನ್ನು ಬಿಟ್ಟು ಮುಂದಿನವರಿಗೆ ಲೋಟ ಕೊಟ್ಟ. ಬಟ್ಟೆಯ ನಾರು ಬರುವುದು ಕಾಂಡದ ಸಿಪ್ಪೆಯಿಂದ. 1985ರ ಮಾದಕವಸ್ತು ಕಾನೂನಿನಲ್ಲಿ ಗಾಂಜಾ ಎಂದರೆ ಹೂ ಕಾಯಿಗಳ ತೆನೆ, ತೆನೆಯಿಂದ ಬೇರ್ಪಟ್ಟ ಎಲೆ ಬೀಜಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಉತ್ತರಾಖಂಡದ ಕುಮಾವೂನಿನ ಮನೆಗಳಲ್ಲಿ ಆ ಬೀಜವನ್ನೇ ಹುರಿದು ಚಟ್ನಿ ಅರೆಯುತ್ತಾರೆ ಎಂದು ನಾನು ಆದಷ್ಟು ಗಟ್ಟಿಯಾಗಿ, ಪಾನಕದ ಹುಡುಗನಿಗೂ ಕೇಳಿಸುವಂತೆ ಹೇಳಿದೆ.

“ಎಲೆ ಅಡ್ಡಿಲ್ಲ, ಬೀಜ ಅಡ್ಡಿಲ್ಲ, ಹೂ ಮಾತ್ರ ಆಗುದಿಲ್ಲ. ಗಿಡ ಒಂದೇ?”

“ಒಂದೇ.”

“ಇದನ್ನು ಬರೆದವ ಎಂತ ಕುಡಿದು ಕೂತಿದ್ದ?”

ಚಪ್ಪರವೆಲ್ಲ ನಕ್ಕಿತು. ಒಂದು ಗಿಡದ ಬಗ್ಗೆ ನಾಲ್ಕು ಮಾತು ಸರಿಯಾಗಿ ಹೇಳಲು ಬಿಡದ ಈ ನೆಂಟರ ಮೇಲೆ ನನಗಿನ್ನೂ ಸಿಟ್ಟಿದೆ. ದೊಡ್ಡಪ್ಪ ಬೆಲೆ ವಿಚಾರಿಸಿದರು, ಕೇಳಿ ಹಣೆ ಚಚ್ಚಿಕೊಂಡರು, ಆಮೇಲೆ ಸಮಾಧಾನಕ್ಕೆಂಬಂತೆ, “ಹರಿದ ಮೇಲೆ ಗದ್ದೆಗೆ ಹಾಕಿ ಉಳು, ಅಪ್ಸೆಣಬಿನ ಹಾಗೆ ಗೊಬ್ಬರವಾದರೂ ಆದೀತು” ಎಂದರು. ಸಾರಜನಕ ಹಿಡಿಯುವುದು ಅಪ್ಸೆಣಬಿನ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು, ಭಂಗಿಗೆ ಆ ಗಂಟುಗಳೇ ಇಲ್ಲ ಎಂದು ನಾನು ತೊಡಗುವಷ್ಟರಲ್ಲಿ ಎಲೆ ಹಾಕಿ ಆಯಿತೆಂದು ಯಾರೋ ಕೂಗಿದರು, ದೊಡ್ಡಪ್ಪ ಮೊದಲ ಪಂಕ್ತಿಗೆ ಎದ್ದೇಬಿಟ್ಟರು.